ಹದಿನಾಲ್ಕನೇ ನಂಬರಿನ ಸೈಟು

ಚಾಟ್ಸ್‌ವರ್ತ್
೨೭ ಏಪ್ರಿಲ್ ೨೦೦೮, ಭಾನುವಾರ

ಪ್ರೀತಿಯ ಮೈಥಿಲಿ,

ಹಳೆಯ ಅಭ್ಯಾಸದಿಂದ ಕೈ ಹೀಗೆ ಬರೆದುಬಿಟ್ಟಿತು. ಇರಲಿ, ಹೊಡೆದು ಹಾಕುವುದಿಲ್ಲ.

ನಿನ್ನ ಮಗಳು ಮೇದಿನಿಯ ಮದುವೆಯ ಕರೆಯೋಲೆ ಮಂಗಳವಾರ ಬಂತು. ದಪ್ಪ ಕಾಗದ, ಮೇಲೆ ಕುದುರೆ ಲಾಳದ ಚಿತ್ರ. ಮದುವೆ ಆ ರ್ಯಾಂಚಿನಲ್ಲೇ ಎಂದು ಓದಿ ಕಾರ್ಡನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು ಹೊರಗೆ ಹೋಗಿ ನಿಂತೆ. ಒಳಗೆ ಬಂದು ತಿರುಗಿಸಿ ನೋಡಿದರೆ ಹಿಂದೆ ನಿನ್ನ ದುಂಡು ಅಕ್ಷರ. 'ತಸ್ನೀಮ್, ಆದದ್ದೆಲ್ಲ ಮರೆತುಬಿಡೋಣ. ನಿಮ್ಮ ಹಳೇ ಹದಿನಾಲ್ಕನೇ ನಂಬರ್ ಸೈಟೇ ಬುಕ್ ಮಾಡಿಸಿದೀನಿ. ಆರ್‌ವಿ ತಗೊಂಡು ಬನ್ನಿ.'

ಆದದ್ದೆಲ್ಲ ಎಂದರೆ ಏನು, ಮೈಥಿಲಿ? ನೀನು ಮರೆಯಬೇಕಾದದ್ದು ಯಾವುದು, ನಾನು ಮರೆಯಬೇಕಾದದ್ದು ಯಾವುದು? ಆ ದಿನ ನೀವು ಹೇಳದೆ ಹೊರಟುಹೋದಿರಲ್ಲ, ಅದಕ್ಕೆ ನನಗೆ ಕೋಪ ಎಂದು ನೀನು ತಿಳಿದಿರಬೇಕು. ಅಷ್ಟೇ ಆಗಿದ್ದರೆ ಒಂದು ತಿಂಗಳು ಮುನಿಸಿಕೊಂಡಿದ್ದು ಆಮೇಲೆ ನಾನೇ ಫೋನ್ ಮಾಡುತ್ತಿದ್ದೆ. ನನ್ನ ಮುನಿಸು ಎಷ್ಟು ದಿನದ್ದು ಎಂದು ನಿನಗೆ ಗೊತ್ತಿಲ್ಲವೇ?

ಲಾ ಹೋಯಾದಲ್ಲಿ ವಿದ್ಯಾರ್ಥಿಗಳ ಅಪಾರ್ಟ್‌ಮೆಂಟಿನಲ್ಲಿ ನಮ್ಮ ಎರಡು ಮನೆಗಳ ನಡುವೆ ಇದ್ದದ್ದು ತೆಳುವಾದ ಒಂದು ಗೋಡೆ. ಬಂದ ಮೂರನೆಯ ದಿನ ಆ ಗೋಡೆಯ ಆಚೆಯಿಂದ ಯಾರೋ ಕುಕ್ಕರಿಗೆ ಕನ್ನಡದಲ್ಲಿ ಬೈಯುತ್ತಿದ್ದರು. 'ಕೂಗೋದಾದ್ರೆ ಕೂಗು, ಇಲ್ಲಾಂದ್ರೆ ಸಾಯಿ' ಎಂದು. ನಾನು ಓಡಿಬಂದು ಬಾಗಿಲು ಬಡಿದಿದ್ದೆ. ನನ್ನ ಮನೆಮಾತು ಉರ್ದು. ಆದರೆ ಮೈಸೂರಿನ ಸರ್ಕಾರಿ ಶಾಲೆಯಲ್ಲಿ ಹತ್ತು ವರ್ಷ ಕನ್ನಡದಲ್ಲೇ ಓದಿದವಳು. ಈ ದೇಶದಲ್ಲಿ ನನಗೆ ಕನ್ನಡ ಎಂದರೆ ನೀನೊಬ್ಬಳೇ ಆಗಿದ್ದೆ. ನಿನ್ನ ಜೊತೆ ಮಾತು ನಿಂತ ಮೇಲೆ ನಾನು ಯಾರ ಹತ್ತಿರವೂ ಕನ್ನಡ ಆಡಿಲ್ಲ. ಈ ಪತ್ರದಲ್ಲಿ ಒತ್ತಕ್ಷರ ತಪ್ಪಿದ್ದರೆ ಅದೇ ಕಾರಣ.

ಆಮೇಲೆ ನಿನ್ನ ಯಜಮಾನರು ಪಾಂಡುರಂಗ ಅವರಿಗೆ ಅಲ್ಲೇ ಸಮುದ್ರ ಸಂಶೋಧನೆಯ ಕೆಲಸ ಸಿಕ್ಕಿತು, ನೀವು ರ್ಯಾಂಚೊ ಪೆನಾಸ್ಕಿಟೋಸ್‌ನಲ್ಲಿ ಮನೆ ಮಾಡಿದಿರಿ. ನಾವು ಇಲ್ಲಿ ಚಾಟ್ಸ್‌ವರ್ತ್‌ಗೆ ಬಂದೆವು. ನಮ್ಮ ಮನೆಯವರು ಅರ್ಷದ್ ವಿಮಾನದ ಸಣ್ಣ ಬಿಡಿಭಾಗಗಳನ್ನು ಕಡೆಯುವ ವರ್ಕ್‌ಶಾಪ್ ಹಾಕಿದರು. ದೂರವಾದರೂ ವರ್ಷಕ್ಕೊಮ್ಮೆ ಅಕ್ಟೋಬರಿನ ಆ ಮೂರು ದಿನದ ರಜೆ ನಮ್ಮದೇ ಆಗಿತ್ತು. ವಯಸ್ಸಾದ ದಂಪತಿಯಿಂದ ನಾವು ಕೊಂಡ, ಅಡುಗೆ ಹಾಸಿಗೆ ಎಲ್ಲ ಒಳಗೇ ಇರುವ ಹಳೆಯ ಆರ್‌ವಿ, ನೀವು ಬಾಡಿಗೆಗೆ ತರುತ್ತಿದ್ದ ಹೊಸ ಆರ್‌ವಿ, ಸ್ಯಾನ್ ಡಿಯಾಗೋದ ಪೂರ್ವಕ್ಕೆ ಬೆಟ್ಟದ ಮಡಿಲಿನ ಆ ಕುದುರೆ ರ್ಯಾಂಚ್, ಓಕ್ ಮರದ ಕೆಳಗೆ ಗಾಡಿ ನಿಲ್ಲಿಸಿ ಉಳಿಯುವ ಹದಿನಾಲ್ಕು, ಹದಿನೈದನೇ ಸೈಟು. ಏಳು ವರ್ಷ ಒಂದೂ ತಪ್ಪಿಸಲಿಲ್ಲ.

ನಿಮ್ಮ ಆರ್‌ವಿ ಬಂದ ಕೂಡಲೇ ಅರ್ಷದ್ ರಸಮಟ್ಟ ಹಿಡಿದು ಹೋಗಿ ಚಕ್ರದ ಕೆಳಗೆ ಹಲಗೆ ಕೊಟ್ಟು ಮಟ್ಟ ಮಾಡುತ್ತಿದ್ದರು. ನೀರಿನ ಪೈಪು, ಕರೆಂಟು ಜೋಡಿಸುತ್ತಿದ್ದರು. ಹೊರಡುವ ದಿನ ಕಕ್ಕಸಿನ ಟ್ಯಾಂಕ್ ಖಾಲಿ ಮಾಡುವ ಕೊಳವೆಯನ್ನು ಪಾಂಡುರಂಗ ಅವರು ಏಳು ವರ್ಷದಲ್ಲಿ ಒಂದು ಸಲವೂ ಮುಟ್ಟಲಿಲ್ಲ. ಎರಡೂ ಗಾಡಿಯದನ್ನು ಅರ್ಷದ್ ಅವರೇ ಮಾಡುತ್ತಿದ್ದರು, ಹಾಡಿಕೊಂಡು. ನಮ್ಮ ಆರ್‌ವಿಯಲ್ಲಿ ನಿನಗೆಂದು ಬೇರೆ ಬಾಣಲೆ ಇಟ್ಟಿದ್ದೆ. ಅದರಲ್ಲಿ ನಾನು ಮೊಟ್ಟೆ ಕೂಡ ಒಡೆದಿರಲಿಲ್ಲ. ಇದನ್ನೆಲ್ಲ ಹೇಳಿ ತೋರಿಸಬಾರದು, ಗೊತ್ತು. ಇವತ್ತು ಹೇಳಬೇಕೆನಿಸಿದೆ.

ಎರಡು ಸಾವಿರದ ಒಂದನೇ ಇಸವಿಯಲ್ಲಿ ನಾನು ಬರುವುದಿಲ್ಲ ಎಂದಿದ್ದೆ. ಸೆಪ್ಟೆಂಬರ್ ಹನ್ನೊಂದು ಕಳೆದು ನಾಲ್ಕು ವಾರವೂ ಆಗಿರಲಿಲ್ಲ. ಅಂಗಡಿಯಲ್ಲಿ ಒಬ್ಬ ಹೆಂಗಸು ನನ್ನ ತಳ್ಳುಗಾಡಿಗೆ ಬೇಕೆಂದೇ ಗುದ್ದಿ ಹೋಗಿದ್ದಳು. ನನ್ನ ಮಗ ಅಮಾನ್‌ಗೆ ಶಾಲೆಯಲ್ಲಿ ಒಬ್ಬ ಏನೋ ಅಂದಿದ್ದ, ಏನೆಂದು ಅವನು ಹೇಳಲಿಲ್ಲ. ನೀನು ಫೋನಿನಲ್ಲಿ ಎಷ್ಟು ಜಗಳ ಆಡಿದೆ. 'ನೀವು ಬರ್ದೇ ಇದ್ರೆ ನಾವೂ ಹೋಗಲ್ಲ ಕಣೇ. ನಾವು ಜೊತೇಲಿರ್ತೀವಲ್ಲ, ಯಾರೇನ್ ಮಾಡ್ತಾರೆ?' ಎಂದೆ. ಆ ಮಾತಿಗೇ ನಾನು ಹೊರಟದ್ದು.

ಪಾಂಡುರಂಗ ಅವರಿಗೆ ಸಮುದ್ರದ ಆಳದ ನೀರನ್ನು ಹಿಡಿದು ತರುವ ಮೂರು ಕೊಳವೆ ಬೇಕಿತ್ತು. ಅವರ ಸಂಸ್ಥೆಯ ವರ್ಕ್‌ಶಾಪಿನಲ್ಲಿ ಮೂರು ತಿಂಗಳು ಕಾಯಬೇಕು ಎಂದರೆಂದು ಅರ್ಷದ್‌ಗೆ ಕೈಯಲ್ಲಿ ಗೀಚಿದ ಒಂದು ನಕ್ಷೆ ಕೊಟ್ಟಿದ್ದರು. ಅರ್ಷದ್ ಮೂರು ಭಾನುವಾರ ಕೂತು ಸ್ಟೀಲಿನಲ್ಲಿ ಕಡೆದರು. ಮೊಳದುದ್ದದ ಕೊಳವೆ, ಎರಡೂ ತುದಿಗೆ ವಾಲ್ವ್. ಕೊರಿಯರ್ ಏಕೆ, ಹೇಗೂ ರ್ಯಾಂಚಿನಲ್ಲಿ ಸಿಗುತ್ತೇವಲ್ಲ, ಕೈಗೇ ಕೊಡುತ್ತೇನೆ ಎಂದು ಹಳೆಯ ಟವೆಲ್ಲಿನಲ್ಲಿ ಸುತ್ತಿ ತಂದರು.

ಭಾನುವಾರ ಬೆಳಗ್ಗೆ ಅಫ್ಘಾನಿಸ್ತಾನದಲ್ಲಿ ಯುದ್ಧ ಶುರುವಾದ ಸುದ್ದಿ ಬಂತಲ್ಲ, ನೆನಪಿದೆಯೇ? ಕ್ಯಾಂಪಿನ ಎಲ್ಲ ಗಾಡಿಗಳಲ್ಲೂ ಒಂದೇ ರೇಡಿಯೋ ದನಿ. ಮಕ್ಕಳು ಕುದುರೆ ಸವಾರಿಗೆ ಹೋಗಿದ್ದರು. ನೀನು ಪುಳಿಯೋಗರೆ ಕಲಸುತ್ತಿದ್ದೆ. ಪಾಂಡುರಂಗ ಅವರು ಕೊಳವೆಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟುಕೊಂಡು ಒಂದೊಂದೇ ವಾಲ್ವ್ ತಿರುಗಿಸಿ ನೋಡಿ, 'ಅರ್ಷದ್, ನಿಮ್ಮ ಕೈಗೆ ಏನು ಕೊಡ್ಬೇಕು ಹೇಳಿ' ಎಂದರು. ಮೆಚ್ಚಿ ಹೇಳಿದ ಮಾತು, ನನಗೂ ಖುಷಿಯಾಗಿತ್ತು. ಆಮೇಲೆ ನಮಾಜಿನ ಹೊತ್ತಾಯಿತು. ಒಳಗೇ ಮಾಡಿ ಎಂದು ನಾನು ಕೇಳಿಕೊಂಡೆ. ಆರ್‌ವಿಯ ಒಳಗೆ ಚಾಪೆ ನೆಟ್ಟಗೆ ಹಾಸುವುದಿಲ್ಲ, ಏಳು ವರ್ಷದಿಂದ ಆ ಮರದ ಕೆಳಗೇ ಮಾಡಿದ್ದೇನೆ, ಇವತ್ತು ಏಕೆ ಬಚ್ಚಿಟ್ಟುಕೊಳ್ಳಲಿ ಎಂದು ಅರ್ಷದ್ ಹೊರಗೇ ಹೋದರು. ಎದುರು ಸೈಟಿನ ಗಂಡಸು ಮಡಿಸುವ ಕುರ್ಚಿಯಿಂದ ಎದ್ದು, ಮರದ ಕೆಳಗೊಮ್ಮೆ, ಮೇಜಿನ ಮೇಲಿದ್ದ ಕೊಳವೆಗಳನ್ನೊಮ್ಮೆ ನೋಡಿ ಆಫೀಸಿನ ಕಡೆ ನಡೆದ. ಅವನು ಹೋದದ್ದನ್ನು ನಾನೂ ನೋಡಿದೆ, ನೀನೂ ನೋಡಿದೆ.

ಎರಡು ಪೊಲೀಸ್ ಗಾಡಿ ಬಂದವು. ಕೊಳವೆ ಯಾರದು ಎಂದರು. ಆ ಹೊತ್ತಿಗೆ ನೀವಿಬ್ಬರೂ ಮಕ್ಕಳನ್ನು ಕರೆತರಲು ಲಾಯದ ಕಡೆ ಹೋಗಿದ್ದಿರಿ. ಅರ್ಷದ್ ತಾನೇ ಮಾಡಿದ್ದು ಎಂದರು. ಯಾರಿಗಾಗಿ ಎಂದರೆ, ಒಬ್ಬ ಗಿರಾಕಿಗೆ, ನೀರಿನ ಪರೀಕ್ಷೆಗೆ ಎಂದಷ್ಟೇ ಹೇಳಿದರು. ಎಷ್ಟು ಸಲ ಕೇಳಿದರೂ ಹೆಸರು ಹೇಳಲಿಲ್ಲ. ನವೆಂಬರಿನಲ್ಲಿ ನಿಮ್ಮ ಸಿಟಿಜನ್‌ಶಿಪ್ ಇಂಟರ್‌ವ್ಯೂ ಇದೆ ಎಂದು ಅರ್ಷದ್‌ಗೆ ಗೊತ್ತಿತ್ತು. ತಾನು ಮೂರು ವರ್ಷದ ಹಿಂದೆಯೇ ಸಿಟಿಜನ್ ಆದವನು, ತನಗೇನಾಗುತ್ತದೆ ಎಂದುಕೊಂಡರಂತೆ. ಅವರನ್ನು ಹುಲ್ಲಿನ ಕೊಟ್ಟಿಗೆಯ ಪಕ್ಕದ ದೊಡ್ಡ ಹಾಲಿಗೆ ಕರೆದುಕೊಂಡು ಹೋದರು. ಹಿಂದಿನ ದಿನ ನಾವೆಲ್ಲ ಹೌಸಿ ಆಡಿದ್ದ ಹಾಲು ಅದು.

ನನ್ನನ್ನು ಅಲ್ಲಿಗೆ ಬಿಡಲಿಲ್ಲ. ಆಫೀಸಿನ ಹೆಂಗಸು ಒಳ್ಳೆಯ ಮಾತಿನಲ್ಲೇ, ಇಲ್ಲಿ ನಿಲ್ಲಬೇಡ, ನಿನ್ನ ಗಾಡಿಗೆ ಹೋಗು ಎಂದಳು. ಗಾಡಿಯಲ್ಲಿ ಅಮಾನ್ ಒಬ್ಬನೇ ಕೂತು ಕಿಟಕಿ ನೋಡುತ್ತಿದ್ದ. ಅವನ ಮುಖ ನೋಡಲಾಗದೆ, ಬೆಳಗ್ಗೆ ಮೆಷಿನ್ನಿಗೆ ಹಾಕಿದ್ದ ಟವೆಲ್‌ಗಳನ್ನು ತರುತ್ತೇನೆ ಎಂದು ಹೊರಟೆ. ಬಟ್ಟೆ ಒಗೆಯುವ ಕೋಣೆ ಎಲ್ಲಿದೆ, ನೆನಪಿದೆಯೇ? ಆಫೀಸಿನ ಬೆನ್ನಿಗೇ. ನಡುವೆ ಎತ್ತರದಲ್ಲಿ ಒಂದು ಕಿಟಕಿ, ಸೆಕೆಗೆ ತೆರೆದಿಟ್ಟಿದ್ದರು.

ಇನ್ನು ಮುಂದಿನದು ನಿನಗೆ ಗೊತ್ತು. ನನಗೂ ಗೊತ್ತು ಎಂಬುದಷ್ಟೇ ನಿನಗೆ ಗೊತ್ತಿಲ್ಲ.

ಪೊಲೀಸಿನವನು ಆಫೀಸಿನಲ್ಲಿ ನಿಮ್ಮಿಬ್ಬರನ್ನು ಕೂರಿಸಿ ಕೇಳುತ್ತಿದ್ದ. ಹದಿನಾಲ್ಕನೇ ಸೈಟಿನವರು ನಿಮಗೆ ಹೇಗೆ ಪರಿಚಯ ಎಂದ. ಆಮೇಲೆ ನಿನ್ನ ದನಿ. ಇಲ್ಲಿ ಕ್ಯಾಂಪಿನಲ್ಲಿ ನೋಡಿದ್ದೇವೆ, ಅಕ್ಕಪಕ್ಕದ ಸೈಟು, ಅದಕ್ಕಿಂತ ಹೆಚ್ಚು ಪರಿಚಯ ಇಲ್ಲ ಎಂದೆ. ನಿನ್ನ ಇಂಗ್ಲಿಷ್ ಯಾವತ್ತೂ ಅಷ್ಟು ಸ್ಪಷ್ಟವಾಗಿರಲಿಲ್ಲ. ಆ ಕೊಳವೆಗಳ ಬಗ್ಗೆ ಏನಾದರೂ ಗೊತ್ತೇ ಎಂದ. ಆಗ ಪಾಂಡುರಂಗ ಅವರು ಕನ್ನಡದಲ್ಲಿ ಮೆಲ್ಲಗೆ ಕೇಳಿದರು. 'ಅದು ನಂದು ಅಂತ ಹೇಳಿಬಿಡ್ಲಾ, ಮೈಥಿಲಿ?'

ನೀನು ಹೇಳಿದೆ. 'ಸುಮ್ನಿರಿ. ನವೆಂಬರಲ್ಲಿ ಇಂಟರ್‌ವ್ಯೂ ಇದೆ. ಅವ್ರ್ ತಾಪತ್ರಯ ಅವ್ರ್ ನೋಡ್ಕೋತಾರೆ.'

ಏನು ಮಾತಾಡುತ್ತಿದ್ದೀರಿ ಎಂದು ಅವನು ಗದರಿದ. ಮಗಳ ಊಟ ಆಗಿಲ್ಲ ಎಂದು ಹೇಳುತ್ತಿದ್ದಾರೆ ಎಂದೆ ನೀನು. ಕೊಳವೆ ಏನೆಂದು ನಮಗೆ ಗೊತ್ತಿಲ್ಲ ಎಂದೆ.

ಆ ಆಫೀಸಿನಲ್ಲಿ ಕನ್ನಡ ಯಾರಿಗೂ ತಿಳಿಯುವುದಿಲ್ಲ ಎಂಬ ಧೈರ್ಯದಲ್ಲಿ ಆಡಿದ ಮಾತು ಅದು. ಕನ್ನಡ ತಿಳಿದವಳೊಬ್ಬಳು ಗೋಡೆಯ ಈ ಕಡೆ ನಿನ್ನ ಮಗಳ ಟವೆಲ್ಲನ್ನೂ ಸೇರಿಸಿ ಮಡಿಸುತ್ತಾ ನಿಂತಿದ್ದಳು.

ನಾನು ಆಗಲೇ ಬಾಗಿಲು ದಾಟಿ ಒಳಗೆ ಬರಬಹುದಿತ್ತು. 'ಇದೇನೇ ಮೈಥಿಲಿ' ಎಂದು ನಿನ್ನ ಮುಂದೆ ನಿಲ್ಲಬಹುದಿತ್ತು. ಪೊಲೀಸಿನವನಿಗೆ ಎಲ್ಲ ಹೇಳಬಹುದಿತ್ತು. ಬರಲಿಲ್ಲ. ಮಡಿಸಿದ ಟವೆಲ್ಲನ್ನು ಬಿಚ್ಚಿ ಮತ್ತೆ ಮಡಿಸಿದೆ. ನನ್ನ ಮಾತನ್ನು ನಂಬುತ್ತಾರೆ ಎಂಬ ಭರವಸೆ ಇರಲಿಲ್ಲ, ನಿಜ. ಆದರೆ ಅದಕ್ಕಿಂತ ಹೆಚ್ಚಾಗಿ, ನನ್ನನ್ನು ನೋಡಿದಾಗ ನಿನ್ನ ಮುಖ ಹೇಗಾಗುತ್ತದೋ ಎಂದು ಹೆದರಿದೆ. ಗಂಡ ಅತ್ತ ಕಡೆ ಕೂತಿದ್ದಾಗ ನಿನ್ನ ಮುಖದ ಮರ್ಯಾದೆ ಕಾಯುತ್ತಾ ನಿಂತೆ. ಈ ಆರೂವರೆ ವರ್ಷದಲ್ಲಿ ನಿನ್ನ ಮೇಲೆ ಬಂದಷ್ಟೇ ಕೋಪ ನನ್ನ ಮೇಲೂ ಬಂದಿದೆ.

ಐದು ಗಂಟೆಗೆ ಲೋಹದ ಕೆಲಸ ಬಲ್ಲ ಇನ್ನೊಬ್ಬ ಅಧಿಕಾರಿ ಬಂದು, ಕೊಳವೆ ಬಿಚ್ಚಿ ನೋಡಿ, ಇದು ನೀರು ಹಿಡಿಯುವ ಕೊಳವೆಯೇ ಸರಿ ಎಂದ ಮೇಲೆ ಬಿಟ್ಟರು. ಅರ್ಷದ್ ಹಾಲಿನಿಂದ ಹೊರಗೆ ಬಂದಾಗ ಒಂದು ಕಾಲಿನ ಷೂಗೆ ಲೇಸ್ ಇರಲಿಲ್ಲ. ಏಕೆ ಬಿಚ್ಚಿಸಿದರು ಎಂದು ನಾನು ಇವತ್ತಿಗೂ ಕೇಳಿಲ್ಲ. ಹದಿನೈದನೇ ಸೈಟು ಖಾಲಿಯಾಗಿತ್ತು. ಚಕ್ರದ ಕೆಳಗೆ ಕೊಟ್ಟಿದ್ದ ನಮ್ಮ ಹಲಗೆಗಳು ಮಾತ್ರ ಬಿದ್ದಿದ್ದವು. ಅರ್ಷದ್ ಅವನ್ನು ಒಂದೊಂದಾಗಿ ಎತ್ತಿ, ಮಣ್ಣು ಕೊಡವಿ, ಗಾಡಿಯೊಳಗೆ ಇಟ್ಟುಕೊಂಡರು. ಮೇದಿನಿಗೆ ಶಾಲೆ ಇದೆಯಲ್ಲ, ಹೊರಟಿರುತ್ತಾರೆ ಎಂದರು. ಮಾರನೆಯ ದಿನ ರಜೆ ಎಂದು ನಾನು ಹೇಳಲಿಲ್ಲ.

ಅದು ಅಲ್ಲಿಗೇ ಮುಗಿಯಲಿಲ್ಲ. ಎರಡು ವಾರದ ಮೇಲೆ ಕೋಟು ತೊಟ್ಟ ಇಬ್ಬರು ಸರ್ಕಾರಿ ಅಧಿಕಾರಿಗಳು ವರ್ಕ್‌ಶಾಪಿಗೆ ಬಂದರು. ಅಲ್ಲಿ ಕೆಲಸ ಮಾಡುತ್ತಿದ್ದ ನಾಲ್ವರನ್ನೂ ಬೇರೆ ಬೇರೆ ಕೂರಿಸಿ ಪ್ರಶ್ನೆ ಕೇಳಿದರು. ಯಾವ ತಪ್ಪನ್ನೂ ಹೊರಿಸಲಿಲ್ಲ, ಕೈ ಕುಲುಕಿಯೇ ಹೋದರು. ಆದರೆ ವಿಮಾನದ ಕಂಪನಿಯವರಿಗೆ ಸುದ್ದಿ ಮುಟ್ಟಿತು. ವಿಚಾರಣೆ ಮುಗಿಯುವವರೆಗೆ ಆರ್ಡರ್ ಇಲ್ಲ ಎಂದರು. ಅದು ಮುಗಿಯಲೇ ಇಲ್ಲ. ಎರಡು ವರ್ಷ ಎಳೆದಾಡಿ ವರ್ಕ್‌ಶಾಪ್ ಮುಚ್ಚಿದೆವು. ತನ್ನ ಕೈಯಿಂದ ಜೋಡಿಸಿದ ಮೆಷಿನ್ನುಗಳನ್ನು ಬೇರೆಯವರು ಲಾರಿಗೆ ಏರಿಸುವಾಗ ಅರ್ಷದ್ ತಾವೇ ಕೆಳಗಿನಿಂದ ಕೈ ಆನಿಸಿದರು, ಗೀರು ಬೀಳದ ಹಾಗೆ. ಈಗ ಎರಡು ಬೀದಿಯಾಚೆ ಬೇರೆಯವರ ವರ್ಕ್‌ಶಾಪಿನಲ್ಲಿ ಕೆಲಸಕ್ಕೆ ಹೋಗುತ್ತಾರೆ. ಅವರ ಅರ್ಧ ವಯಸ್ಸಿನ ಸೂಪರ್‌ವೈಸರ್ ಅವರಿಗೆ ಅಳತೆ ಹೇಳಿಕೊಡುತ್ತಾನೆ.

ಇನ್ನು ಅಮಾನ್. ಆ ಭಾನುವಾರ ಅವನಿಗೆ ಹದಿನೈದು ವರ್ಷ. ಲಾಯದಿಂದ ಮೇದಿನಿಯ ಜೊತೆ ನಗುತ್ತಾ ಬಂದವನು ಅಪ್ಪನನ್ನು ಇಬ್ಬರು ಪೊಲೀಸರ ನಡುವೆ ನಡೆಸಿಕೊಂಡು ಹೋಗುವುದನ್ನು ನೋಡಿದ. ಮೇದಿನಿ ಅವನ ಹತ್ತಿರ ಹೋಗಲು ಹೊರಟಾಗ ನೀನು ಅವಳ ತೋಳು ಹಿಡಿದು ಎಳೆದುಕೊಂಡೆಯಂತೆ. ಅದನ್ನು ಅವನು ನನಗೆ ಹೇಳಿದ್ದು ನಾಲ್ಕು ವರ್ಷದ ಮೇಲೆ, ಊಟ ಮಾಡುತ್ತಾ, ತಟ್ಟೆ ನೋಡಿಕೊಂಡು. ಈಗ ಲಾಸ್ ಏಂಜಲಿಸ್‌ನಲ್ಲಿ ಕೆಲಸದಲ್ಲಿದ್ದಾನೆ. ಆಫೀಸಿನಲ್ಲಿ ಅವನ ಹೆಸರು ಆಡಮ್. ಮೊನ್ನೆ ಅವನ ಆಫೀಸಿಗೆ ಫೋನ್ ಮಾಡಿ ಅಮಾನ್ ಇದ್ದಾನೆಯೇ ಎಂದರೆ, ಆ ಹೆಸರಿನವರು ಯಾರೂ ಇಲ್ಲ ಎಂದರು. ನಾನೇ ಇಟ್ಟ ಹೆಸರು, ಮೈಥಿಲಿ. ಹೆರಿಗೆಯಾದ ಮೂರನೆಯ ದಿನ ನೀನು ಅವನನ್ನು ತೊಡೆಯ ಮೇಲೆ ಮಲಗಿಸಿಕೊಂಡು ಆ ಹೆಸರಿನ ಅರ್ಥ ಕೇಳಿದ್ದೆ. ನೆಮ್ಮದಿ, ಭಯವಿಲ್ಲದಿರುವುದು ಎಂದು ಹೇಳಿದ್ದೆ.

ಕಳೆದ ಅಕ್ಟೋಬರಿನಲ್ಲಿ ನಿಮ್ಮ ಕಡೆ ಕಾಡ್ಗಿಚ್ಚು ಹೊತ್ತಿಕೊಂಡಾಗ ಮೂರು ದಿನ ಟಿವಿ ಮುಂದಿನಿಂದ ಏಳಲಿಲ್ಲ. ರ್ಯಾಂಚೊ ಪೆನಾಸ್ಕಿಟೋಸ್‌ನ ಜನ ಮನೆ ಬಿಟ್ಟು ಹೋಗುತ್ತಿದ್ದಾರೆ ಎಂದರು. ನಿಮ್ಮ ರಸ್ತೆಯ ಹಾಗೇ ಕಾಣುವ ಒಂದು ರಸ್ತೆ ತೋರಿಸಿದರು. ಒಂದು ಕ್ಷಣ, ಸುಡಲಿ ಎಂದುಕೊಂಡೆ. ಹೌದು, ಅಂದುಕೊಂಡೆ. ಆಮೇಲೆ ಎದ್ದು ನಿನ್ನ ನಂಬರು ಒತ್ತಿದೆ, ರಿಂಗ್ ಆಗುವ ಮೊದಲೇ ಇಟ್ಟೆ. ನಿಮ್ಮ ಊರಿನ ಕನ್ನಡ ಸಂಘದ ಜಯಮ್ಮ ಆಂಟಿಗೆ ಫೋನ್ ಮಾಡಿ, ಏನೋ ನೆಪದಲ್ಲಿ ಇಂಗ್ಲಿಷಿನಲ್ಲೇ ನಿಮ್ಮ ವಿಷಯ ಕೇಳಿ, ಎಲ್ಲರೂ ಸುರಕ್ಷಿತ ಎಂದು ತಿಳಿದ ಮೇಲೆ ಅನ್ನ ತಿಂದೆ. ನನ್ನ ಮನಸ್ಸು ನಿನ್ನ ವಿಷಯದಲ್ಲಿ ಹೀಗಿದೆ. ಪೂರ್ತಿ ದ್ವೇಷಿಸುವ ಸುಖವನ್ನೂ ನೀನು ನನಗೆ ಬಿಟ್ಟಿಲ್ಲ.

ನಿನ್ನ ಜಾಗದಲ್ಲಿದ್ದರೆ ನಾನೇನು ಮಾಡುತ್ತಿದ್ದೆ ಎಂದು ನೂರು ಸಲ ಕೇಳಿಕೊಂಡಿದ್ದೇನೆ. ನಿನಗೆ ಭಯವಾಗಿತ್ತು, ಒಪ್ಪುತ್ತೇನೆ. ಆ ದಿನಗಳಲ್ಲಿ ಭಯಪಡದವರು ಯಾರು? ಪೊಲೀಸಿನವನ ಎದುರು ಸುಳ್ಳಾಡಿದ್ದನ್ನು ಎಂದೋ ಒಂದು ದಿನ ಕ್ಷಮಿಸುತ್ತಿದ್ದೆನೇನೋ. ಆದರೆ ಆಮೇಲಿನ ಇಷ್ಟು ವರ್ಷ? ಇಂಟರ್‌ವ್ಯೂ ಮುಗಿಯಿತು, ಪ್ರಮಾಣ ಮಾಡಿದಿರಿ, ಕೈಯಲ್ಲಿ ಪಾಸ್‌ಪೋರ್ಟ್ ಬಂತು. ಅದಾದ ಮೇಲೆ ಯಾವ ಭಯ ಇತ್ತು? ಪಾಂಡುರಂಗ ಅವರು ಸಂಸ್ಥೆಯ ಕಾಗದದ ಮೇಲೆ, ಆ ಕೊಳವೆ ಮಾಡಿಸಿದ್ದು ನಾನೇ ಎಂದು ಎರಡು ಸಾಲು ಬರೆದುಕೊಟ್ಟಿದ್ದರೆ ಅದನ್ನು ಕಂಪನಿಯವರಿಗೆ ತೋರಿಸಬಹುದಿತ್ತು. ನಾನು ಕೇಳಲಿಲ್ಲ. ನೀವಾಗಿಯೇ ಕೊಡುತ್ತೀರಿ ಎಂದು ಎರಡು ವರ್ಷ ದಿನಾ ಅಂಚೆ ಡಬ್ಬಿ ತೆರೆದೆ. ಕೊನೆಗೆ ನಿಮ್ಮ ಮನೆಯಿಂದ ಬಂದದ್ದು ಈ ಕರೆಯೋಲೆ.

ನಾನು ಮದುವೆಗೆ ಬರುವುದಿಲ್ಲ. ಹದಿನಾಲ್ಕನೇ ಸೈಟಿನಲ್ಲಿ ಕುರ್ಚಿ ಹಾಕಿಕೊಂಡು ಕೂತು, ನೀನು ನಿನ್ನ ನೆಂಟರಿಗೆ ನನ್ನನ್ನು ಹಳೆಯ ಗೆಳತಿ ಎಂದು ಪರಿಚಯಿಸುವುದನ್ನು ಕೇಳುವ ಶಕ್ತಿ ನನಗಿಲ್ಲ. ಪರಿಚಯ ಎಂಬ ಪದವೇ ನಿನ್ನ ಬಾಯಿಂದ ನನಗೆ ಬೇಡವಾಗಿದೆ.

ಮೇದಿನಿ ಶುಕ್ರವಾರ ಫೋನ್ ಮಾಡಿದ್ದಳು. ತಸ್ನೀಮ್ ಆಂಟಿ ಎಂದು ಕರೆದು, ಉಳಿದದ್ದನ್ನೆಲ್ಲ ಇಂಗ್ಲಿಷಿನಲ್ಲಿ ಹೇಳಿದಳು. ಚಿಕ್ಕಂದಿನ ಒಳ್ಳೆಯ ನೆನಪುಗಳೆಲ್ಲ ಆ ರ್ಯಾಂಚಿನವೇ, ಅದಕ್ಕೇ ಮದುವೆಗೆ ಆ ಜಾಗ ಆರಿಸಿದೆ ಎಂದಳು. ಆ ದಿನ ಅರ್ಧಕ್ಕೆ ಏಕೆ ಹೊರಟಿರಿ ಎಂದು ಅವಳಿಗೆ ನೀನು ಏನು ಹೇಳಿದ್ದೀಯೋ ತಿಳಿಯದು. ನಾನು ಬಾಯಿ ಬಿಡಲಿಲ್ಲ. ಆ ಮಗು ಏನೂ ತಪ್ಪು ಮಾಡಿಲ್ಲ. ಅವಳೂ ಆ ಹುಡುಗನೂ ಚೆನ್ನಾಗಿರಲಿ. ಯಾರಾದರೂ ಬಂದು ಇವರು ನಿಮಗೇನಾಗಬೇಕು ಎಂದು ಕೇಳಿದ ದಿನ ಒಬ್ಬರು ಇನ್ನೊಬ್ಬರ ಹೆಸರು ಹಿಡಿದು ಹೇಳುವಂಥ ಸಂಸಾರ ಅವರದಾಗಲಿ. ಇದನ್ನು ಅವಳಿಗೆ ನನ್ನ ಆಶೀರ್ವಾದ ಎಂದು ಹೇಳು. ಅರ್ಥ ವಿವರಿಸಬೇಡ.

ಇಂತಿ,
ಒಂದು ಕಾಲದಲ್ಲಿ ನಿನ್ನ ಪಕ್ಕದ ಮನೆಯವಳು,
ತಸ್ನೀಮ್

ತಾ. ಕ.: ಈ ಪತ್ರ ಬರೆದದ್ದು ಅರ್ಷದ್‌ಗೆ ತಿಳಿಯದು. ನಾನು ಕೇಳಿಸಿಕೊಂಡದ್ದನ್ನೂ ಅವರಿಗೆ ಹೇಳಿಲ್ಲ. ಆ ಸಂಜೆ ಫ್ರೀವೇಗೆ ಬಂದ ಮೇಲೆ ಅವರು ಆಡಿದ ಮೊದಲ ಮಾತು, 'ಪಾಂಡು ಹೋಗಿ ನಿಜ ಹೇಳಿರ್ಬೇಕು, ಅದಕ್ಕೇ ಬಿಟ್ರು' ಎಂದು. ಇಂಟರ್‌ವ್ಯೂ ಇಟ್ಟುಕೊಂಡೂ ನನಗಾಗಿ ಬಾಯಿ ಬಿಟ್ಟನಲ್ಲ ಎಂದು ಕಣ್ಣೊರೆಸಿಕೊಂಡರು. ಆಗಲೇ ಹೇಳಬೇಕಿತ್ತು. ಷೂ ಲೇಸ್ ಇಲ್ಲದ ಆ ಕಾಲು ನೋಡಿ ಹೇಳಲಾಗಲಿಲ್ಲ. ಆಮೇಲೆ ಒಂದೊಂದೇ ಕಳೆದುಕೊಳ್ಳುತ್ತಾ ಹೋದರು, ಇದೊಂದು ಅವರ ಹತ್ತಿರ ಉಳಿಯಲಿ ಎಂದು ಬಿಟ್ಟೆ. ಅವರು ಎರಡು ಸಲ ಮೆಸೇಜ್ ಬಿಟ್ಟಾಗ ನೀವು ತಿರುಗಿ ಫೋನ್ ಮಾಡಲಿಲ್ಲ. ಪಾಂಡು ಸಂಕೋಚದ ಮನುಷ್ಯ, ಹೊಗಳಿಸಿಕೊಳ್ಳುವುದು ಅವನಿಗೆ ಆಗುವುದಿಲ್ಲ ಎಂದು ತಾವೇ ಸಮಾಧಾನ ಹೇಳಿಕೊಂಡರು. ಕರೆಯೋಲೆ ಬಂದ ದಿನದಿಂದ ಆರ್‌ವಿ ರಿಪೇರಿಗೆ ಕೂತಿದ್ದಾರೆ. ನನಗೆ ಮೈ ಸರಿಯಿಲ್ಲ ಎನ್ನುತ್ತೇನೆ, ಅವರೊಬ್ಬರೇ ಬರುತ್ತಾರೆ. ಎಲ್ಲರ ಎದುರು ಪಾಂಡುರಂಗ ಅವರ ಎರಡೂ ಕೈ ಹಿಡಿದು ಥ್ಯಾಂಕ್ಸ್ ಹೇಳುತ್ತಾರೆ. ನಿಜ ಹೇಳಿ ಹಗುರವಾಗಬೇಡಿ. ಕೈ ಬಿಡಿಸಿಕೊಳ್ಳದೆ ಪೂರ್ತಿ ಕೇಳಿಸಿಕೊಳ್ಳಲಿ. ನೀನೂ ಪಕ್ಕದಲ್ಲೇ ನಿಂತಿರು.